ಬಿಸಿಲೂರಿನ ಈಜುಕೊಳಕ್ಕೆ ತೇವದ ಕಾಟ

(ಕಲಬುರಗಿಯಲ್ಲಿ ಗುತ್ತಿಗೆದಾರರು, ಮನೆ ಕಟ್ಟಿಸುತ್ತಿರುವವರು ಮತ್ತು ಸಿವಿಲ್ ಓದುವ ಹುಡುಗ ಹುಡುಗಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನಿಂತು ತೇವದ ಬಗ್ಗೆ ಮಾತಾಡೋದು ಅಂದರೆ ಕೆಲವರಿಗೆ ನಗು ಬರಬಹುದು. ಹೋಳಿ ಮುಗಿದು ಶರಣಬಸವೇಶ್ವರ ತೇರು ಎಳೆಯುವ ಹೊತ್ತಿಗೆ ಇಲ್ಲಿ ಬಿಸಿಲು ಹಣೆ ಸುಡುತ್ತಿರುತ್ತದೆ. ಹಿಂಡಿ ಹಾಕಿದ ಬಟ್ಟೆ ನೋಡನೋಡುತ್ತಲೇ ಒಣಗುತ್ತದೆ. ತೇವ, ಬೂಷ್ಟು ಇವೆಲ್ಲ ಮಂಗಳೂರು ಕಡೆಯವರ ತಲೆನೋವು, ನಮಗೇನು ಅಂತ ನಾವು ಆರಾಮಾಗಿದ್ದೇವೆ.

ಆದರೆ ಈಗ ನಮ್ಮ ಕಡೆಯೂ ಒಳಾಂಗಣ ಈಜುಕೊಳಗಳು ಬರುತ್ತಿವೆ. ಹೋಟೆಲ್‌ಗಳಲ್ಲಿ, ಜಿಮ್‌ಗಳಲ್ಲಿ, ಶಾಲೆಗಳಲ್ಲಿ, ಕೈಗೆ ದುಡ್ಡಿರುವವರ ಮನೆಗಳಲ್ಲಿ. ಬಿಸಿಲಿಗೆ ಹೆದರಿ ಮೇಲೆ ಸ್ಲ್ಯಾಬ್ ಹಾಕುತ್ತಾರೆ. ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಈಜಲಿ ಅಂತ ಸುತ್ತ ಗೋಡೆ ಕಟ್ಟುತ್ತಾರೆ. ಎರಡೂ ಸರಿಯೇ. ಎರಡು ಮೂರು ವರ್ಷ ಕಳೆದ ಮೇಲೆ ಸ್ಲ್ಯಾಬಿನ ಕೆಳಗೆ ಬಣ್ಣ ಗುಳ್ಳೆ ಏಳುತ್ತದೆ. ಆಮೇಲೆ ಗಿಲಾವು ಉದುರುತ್ತದೆ. ಕೊನೆಗೆ ಕಬ್ಬಿಣದ ಸರಳು ಹಲ್ಲು ಕಿರಿಯುತ್ತದೆ. ಆಗ ಮಾಲೀಕರು ಮೊದಲು ಕರೆಯೋದು ಯಾರನ್ನ? ವಾಟರ್‌ಪ್ರೂಫಿಂಗ್‌ನವರನ್ನ. ಅವರು ಮಾಳಿಗೆ ಮೇಲೆ ಕೆಮಿಕಲ್ ಬಳಿದು ಹೋಗುತ್ತಾರೆ. ಮುಂದಿನ ಚಳಿಗಾಲಕ್ಕೆ ಮತ್ತೆ ಹನಿ ಶುರು. ಚಳಿಗಾಲದಲ್ಲಿ, ಮಳೆಯೇ ಇಲ್ಲದಾಗ! ಸೋರಿಕೆ ಆಗಿದ್ದರೆ ಶ್ರಾವಣದಲ್ಲಿ ಹನಿಯಬೇಕಿತ್ತು, ಅಲ್ವಾ?

ಆ ನೀರು ಮೇಲಿಂದ ಸೋರುತ್ತಿಲ್ಲ. ಕೆಳಗಿಂದ ಏರುತ್ತಿದೆ. ಇವತ್ತು ನಾನು ಹೇಳೋದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಎಷ್ಟು ನೀರು ಏರುತ್ತದೆ ಅಂತ ಸ್ವಲ್ಪ ಲೆಕ್ಕ ನೋಡೋಣ. 12 ಮೀಟರ್ ಉದ್ದ, 5 ಮೀಟರ್ ಅಗಲದ ಮನೆಯ ಕೊಳ ಅಂತ ಇಟ್ಟುಕೊಳ್ಳಿ. ನೀರು 28 ಡಿಗ್ರಿ, ಕೋಣೆಯ ಗಾಳಿ 30 ಡಿಗ್ರಿ, ತೇವಾಂಶ ಶೇ 60. ಇದು ತುಂಬಾ ಒಳ್ಳೆಯ ಸ್ಥಿತಿ, ಎಲ್ಲ ಸರಿಯಾಗಿ ನಡೆಸುತ್ತಿರುವ ಕೋಣೆ. ಆದರೂ ಗಂಟೆಗೆ ಸುಮಾರು 5 ಲೀಟರ್ ನೀರು ಆವಿಯಾಗುತ್ತದೆ. ದಿನಕ್ಕೆ 120 ಲೀಟರ್. ಇದು ಒಬ್ಬಿಬ್ಬರು ಆಗಾಗ ಈಜುವ ಕೊಳದ ಲೆಕ್ಕ. ಮಕ್ಕಳು ಹಾರಿ, ಒದ್ದು, ನೀರೆರಚುವ ಸಾರ್ವಜನಿಕ ಕೊಳವಾದರೆ ಇದರ ಎರಡು ಪಟ್ಟು ಹಿಡಿಯಿರಿ. ಅಷ್ಟು ನೀರು ದಿನಾ ಗಾಳಿಗೆ ಸೇರುತ್ತದೆ. ಹೊರಗೆ ಹೋಗಲು ದಾರಿ ಕೊಡದಿದ್ದರೆ ಅದು ತಾನೇ ದಾರಿ ಹುಡುಕುತ್ತದೆ: ಗೋಡೆಯೊಳಕ್ಕೆ, ಸ್ಲ್ಯಾಬಿನೊಳಕ್ಕೆ, ಸ್ವಿಚ್ ಬೋರ್ಡಿನೊಳಕ್ಕೆ, ಪಕ್ಕದ ಮಲಗುವ ಕೋಣೆಯ ಬೀರುವಿನೊಳಕ್ಕೆ.

ಇನ್ನು ಹನಿ ಹೇಗೆ ಹುಟ್ಟುತ್ತದೆ ಅನ್ನೋದು. ಬೇಸಿಗೆಯಲ್ಲಿ ಫ್ರಿಜ್ಜಿನ ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದೀರಿ. ಲೋಟ ಸೋರುತ್ತಿದೆ ಅಂತ ಯಾರೂ ಎಂ-ಸೀಲ್ ತರಲು ಓಡುವುದಿಲ್ಲ. ಗಾಳಿಯಲ್ಲಿದ್ದ ಆವಿಯೇ ತಣ್ಣನೆಯ ಮೈ ತಾಗಿ ನೀರಾಗುತ್ತದೆ. ಯಾವ ಉಷ್ಣಾಂಶಕ್ಕೆ ಇಳಿದರೆ ಆವಿ ನೀರಾಗುತ್ತದೋ ಅದಕ್ಕೆ ಇಬ್ಬನಿ ಬಿಂದು ಅನ್ನುತ್ತೇವೆ. ನಾನು ಆಗ ಹೇಳಿದ ಕೋಣೆಯಲ್ಲಿ, ಅಂದರೆ 30 ಡಿಗ್ರಿ, ಶೇ 60 ತೇವಾಂಶದಲ್ಲಿ, ಅದು ಸುಮಾರು 21 ಡಿಗ್ರಿ. ತೇವಾಂಶ ಶೇ 80ಕ್ಕೆ ಏರಿದರೆ ಇಬ್ಬನಿ ಬಿಂದು 26 ಡಿಗ್ರಿಗೆ ಏರುತ್ತದೆ. 26 ಡಿಗ್ರಿ ಅಂದರೆ ಚಳಿಗಾಲದಲ್ಲಿ ಕೋಣೆಯ ಹೆಚ್ಚುಕಡಿಮೆ ಎಲ್ಲ ಗೋಡೆಯೂ ಒದ್ದೆ ಅಂತಲೇ ಅರ್ಥ.

ಈಗ ಎಳ್ಳ ಅಮಾವಾಸ್ಯೆ ಆಸುಪಾಸಿನ ಒಂದು ಬೆಳಗಿನ ಜಾವ ನೆನೆಯಿರಿ. ಹೊರಗೆ 12 ಡಿಗ್ರಿ. ಒಳಗೆ ಬಿಸಿ ಮಾಡಿದ ಕೊಳ, 30 ಡಿಗ್ರಿ ಗಾಳಿ. ಒಂಟಿ ಗಾಜಿನ ಕಿಟಕಿಯ ಒಳಮೈ ಆಗ ಸುಮಾರು 17 ಡಿಗ್ರಿ ಇರುತ್ತದೆ. 21ಕ್ಕಿಂತ ಕಡಿಮೆ. ಹಾಗಾಗಿ ಗಾಜಿನ ಮೇಲೆ ನೀರು ಹರಿಯುತ್ತದೆ, ಚೌಕಟ್ಟಿನ ಕೆಳಗೆ ನಿಲ್ಲುತ್ತದೆ. ಜೋಡಿ ಗಾಜು ಹಾಕಿದರೆ ಒಳಮೈ 23 ದಾಟುತ್ತದೆ, ಗಾಜು ಒಣಗಿರುತ್ತದೆ. ಆರು ಡಿಗ್ರಿಯ ವ್ಯತ್ಯಾಸ, ಅಷ್ಟೇ. ಬರಿಯ ಸ್ಲ್ಯಾಬ್ ಆದರೆ ಗಡಿಯ ಮೇಲೆ ನಿಂತಿರುತ್ತದೆ. ಹಗಲಿನ ಬಿಸಿ ಅದರ ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ಇರುತ್ತದೆ. ಆದರೆ ಮೋಡವಿಲ್ಲದ ಆಕಾಶದ ಕೆಳಗೆ ರಾತ್ರಿಯಿಡೀ ಬಿಸಿ ಬಿಟ್ಟುಕೊಡುತ್ತಾ ಬೆಳಗಿನ ಹೊತ್ತಿಗೆ ಅದೂ ಸೋಲುತ್ತದೆ. ಪತ್ರಾ ಹೊದಿಸಿದ ಕೊಳದ ಮಾತೇ ಬೇಡ. ತಗಡು ಬಲು ಬೇಗ ತಣ್ಣಗಾಗುತ್ತದೆ, ಒಂದೊಂದು ಬೋಲ್ಟಿನ ತುದಿಯಿಂದಲೂ ಹನಿ ಬೀಳುತ್ತದೆ. ಬೀದರ್‌ನವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ನಿಮ್ಮ ಊರು ಸಮುದ್ರ ಮಟ್ಟದಿಂದ 660 ಮೀಟರ್ ಆಸುಪಾಸು ಎತ್ತರದಲ್ಲಿದೆ. ಕಲಬುರಗಿಗಿಂತ ಸುಮಾರು 200 ಮೀಟರ್ ಮೇಲೆ. ಚಳಿಯೂ ಅಷ್ಟು ಜಾಸ್ತಿ.

ಬೂಷ್ಟಿಗೆ ಹನಿ ಬೀಳುವವರೆಗೂ ಕಾಯುವ ತಾಳ್ಮೆ ಇಲ್ಲ, ಇದೊಂದು ನೆನಪಿರಲಿ. ಗೋಡೆಯ ಮೈಗೆ ಅಂಟಿದ ಗಾಳಿಯ ತೇವಾಂಶ ಶೇ 80 ದಾಟಿ ಕೆಲವು ದಿನ ಹಾಗೇ ಇದ್ದರೆ ಸಾಕು, ಕಪ್ಪು ಚುಕ್ಕೆ ಶುರುವಾಗುತ್ತದೆ. ಮೊದಲು ಬರೋದು ಮೂಲೆಗಳಲ್ಲಿ, ತೊಲೆಯ ಹಿಂದೆ, ಗಾಳಿ ಆಡದ ಕಡೆ.

ಸೋರಿಕೆಯೋ, ಒಳಗಿನ ಆವಿಯೋ ಅಂತ ಗುರುತಿಸೋದು ಹೇಗೆ? ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಅನುಮಾನ ಇರುವ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಎಲ್ಲೂ ಗಾಳಿ ನುಸುಳಬಾರದು. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ, ಅಂದರೆ ನಿಮ್ಮ ಕಡೆಯ ಮೈ ಒದ್ದೆಯಾಗಿದ್ದರೆ ಅದು ಕೋಣೆಯ ಆವಿ. ಹಾಳೆಯ ಹಿಂದೆ, ಗೋಡೆ ಕಡೆ ನೀರು ಕೂತಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಆಗ ಪೈಪು, ಕೊಳದ ತೊಟ್ಟಿ, ಮಾಳಿಗೆ ಇವನ್ನೆಲ್ಲ ಹುಡುಕಬೇಕು. ಎರಡೂ ಕಡೆ ಒದ್ದೆ ಇದ್ದರೆ ಎರಡೂ ರೋಗ ಇವೆ. ಜೊತೆಗೆ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತೇವಾಂಶ ಮೀಟರ್ ಒಂದನ್ನು ಕೋಣೆಯಲ್ಲಿ ತೂಗುಹಾಕಿ. ನೀರಿನ ಹತ್ತಿರವೂ ಬೇಡ, ಬಾಗಿಲ ಬಳಿಯೂ ಬೇಡ. ಮಧ್ಯಾಹ್ನದ ಅಂಕಿ ನೋಡಿ ಖುಷಿಪಡಬೇಡಿ. ಬೆಳಗಿನ ಐದು ಗಂಟೆಯ ಅಂಕಿ ಬರೆದಿಡಿ.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಆಯ್ತಲ್ಲ ಅಂತ ಕೇಳುತ್ತಾರೆ. ನಮ್ಮ ಊರಿನ ಮಟ್ಟಿಗೆ ಈ ಪ್ರಶ್ನೆಗೆ ಮುಕ್ಕಾಲು ಪಾಲು ಹೌದು ಅಂತಲೇ ಹೇಳಬೇಕು. ಅದು ನಮ್ಮ ಭಾಗ್ಯ. ಕೊಳದ ಕೋಣೆಯ ಒಂದು ಘನ ಮೀಟರ್ ಗಾಳಿಯಲ್ಲಿ, 30 ಡಿಗ್ರಿ ಶೇ 60ರ ಲೆಕ್ಕದಲ್ಲಿ, ಸುಮಾರು 18 ಗ್ರಾಂ ಆವಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಆ ಗಾಳಿಯಲ್ಲಿ ಇರೋದು ಸುಮಾರು 10 ಗ್ರಾಂ. ಡಿಸೆಂಬರ್ ಬೆಳಗ್ಗೆ 14 ಡಿಗ್ರಿ, ಶೇ 80 ಇದ್ದಾಗ? ಅದೂ ಸುಮಾರು 10 ಗ್ರಾಂ! ಮೀಟರಿನಲ್ಲಿ ಒಂದು ಕಡೆ 20, ಇನ್ನೊಂದು ಕಡೆ 80 ಕಾಣುತ್ತದೆ, ಆದರೆ ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಒಂದೇ. ಎರಡೂ ಹೊತ್ತಿನಲ್ಲಿ ಹೊರಗಿನ ಗಾಳಿ ಒಳಗೆ ಬಂದು ಘನ ಮೀಟರಿಗೆ 8 ಗ್ರಾಂ ನೀರು ಹೊತ್ತುಕೊಂಡು ಹೋಗಬಲ್ಲದು. ನಮ್ಮ ಆ ಮನೆಯ ಕೊಳಕ್ಕೆ ಗಂಟೆಗೆ 650ರಿಂದ 700 ಘನ ಮೀಟರ್ ಗಾಳಿ ಬದಲಾದರೆ ಸಾಕು. ಒಂದು ಸಾಧಾರಣ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಈ ಕೆಲಸ ಮಾಡುತ್ತದೆ. ಆದರೆ ಗಾಳಿ ಒಳಬರಲು ಎದುರುಗಡೆ ಜಾಗ ಬಿಟ್ಟಿರಬೇಕು. ಎಲ್ಲ ಕಿಟಕಿ ಬಿಗಿದು ಬರೀ ಫ್ಯಾನ್ ತಿರುಗಿಸಿದರೆ ಅದು ಸುಮ್ನೆ ಸದ್ದು ಮಾಡುತ್ತದೆ.

ಕಷ್ಟ ಇರೋದು ಮಿರಗದ ಮಳೆಯಿಂದ ಹಸ್ತದ ಮಳೆಯವರೆಗೆ. ಆಗಸ್ಟ್‌ನಲ್ಲಿ ಹೊರಗೆ 27 ಡಿಗ್ರಿ, ಶೇ 80 ತೇವಾಂಶ ಇದ್ದರೆ ಆ ಗಾಳಿಯಲ್ಲೇ 20 ಗ್ರಾಂ ಆವಿ ಇದೆ. ನಮ್ಮ ಕೋಣೆಯ 18ಕ್ಕಿಂತ ಜಾಸ್ತಿ. ಅಂಥ ದಿನ ಫ್ಯಾನ್ ಹಾಕಿದರೆ ತೇವವನ್ನು ಒಳಗೆ ಕರೆದಂತೆ. ಆ ನಾಲ್ಕು ತಿಂಗಳಿಗೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ ಬೇಕು. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರುವ ಕಂಪನಿಯವರು ಮುಂಬೈಗೆ ಮಾಡಿದ ಡಿಸೈನನ್ನೇ ನಮಗೂ ಕೊಟ್ಟು ಹೋಗುತ್ತಾರೆ: ವರ್ಷವಿಡೀ ಓಡುವ ದೊಡ್ಡ ಯಂತ್ರ, ಅದಕ್ಕೆ ತಕ್ಕ ಕರೆಂಟ್ ಬಿಲ್. ನಮ್ಮ ಹವೆಗೆ ಚಿಕ್ಕ ಯಂತ್ರ ಮತ್ತು ಒಳ್ಳೆಯ ಫ್ಯಾನ್ ವ್ಯವಸ್ಥೆ, ಎರಡನ್ನೂ ಕಾಲ ನೋಡಿ ಬದಲಾಯಿಸುವ ಬುದ್ಧಿ, ಇಷ್ಟು ಸಾಕು ಅನ್ನೋದು ನನ್ನ ಅಭಿಪ್ರಾಯ. ತುಂಬಾ ಜನ ಓಡಾಡುವ ದೊಡ್ಡ ಕೊಳಕ್ಕೆ ಈ ಮಾತು ಹೊಂದುವುದಿಲ್ಲ. ಅದಕ್ಕೆ ಸರಿಯಾದ ಡಿಸೈನ್ ಮಾಡಿಸಲೇಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ: ಕೊಳದ ಮೇಲೆ ಹೊದಿಕೆ. ಗುಳ್ಳೆಗುಳ್ಳೆ ಇರುವ ಪ್ಲಾಸ್ಟಿಕ್ ಹೊದಿಕೆ ಹಾಸಿದರೆ, ಹಾಸಿರುವಷ್ಟು ಹೊತ್ತು ಆವಿ ಏಳೋದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮನೆಯ ಕೊಳದಲ್ಲಿ ದಿನಕ್ಕೆ ಎಷ್ಟು ಹೊತ್ತು ಈಜುತ್ತೀರಿ? ಒಂದು ಗಂಟೆ, ಎರಡು ಗಂಟೆ. ಉಳಿದ 22 ಗಂಟೆ ನೀರು ಬಾಯಿ ತೆರೆದುಕೊಂಡು ಯಾಕೆ ಇರಬೇಕು? ಬಿಸಿ ಮಾಡುವ ಕೊಳವಾದರೆ ದುಡ್ಡಿನ ಲೆಕ್ಕವೂ ಇದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 0.68 ಯೂನಿಟ್‌ನಷ್ಟು ಬಿಸಿಯನ್ನೂ ಒಯ್ಯುತ್ತದೆ. 120 ಲೀಟರಿಗೆ ದಿನಕ್ಕೆ 80 ಯೂನಿಟ್ ಬಿಸಿ. ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಬಿಸಿಯನ್ನು ನೀರಿಗೆ ಸಾಗಿಸುವ ಯಂತ್ರ ಇದ್ದರೆ ಕರೆಂಟ್ ಅದರ ಕಾಲುಭಾಗ ಸಾಕಾಗಬಹುದು, ಆದರೂ ದಿನಾ ಕಟ್ಟುವ ದುಡ್ಡು ತಾನೇ. ಹೊದಿಕೆಯನ್ನು ಎಳೆದು ಸುತ್ತಿಡೋದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಅದಕ್ಕೆ ಸುತ್ತುವ ರಾಟೆಯನ್ನೂ ಕೊಳದ ಜೊತೆಗೇ ಹಾಕಿಸಿ. ರಾಟೆ ಇಲ್ಲದ ಹೊದಿಕೆ ಮೂರನೇ ತಿಂಗಳಿಗೆ ಗೋದಾಮು ಸೇರುತ್ತದೆ.

ರಾತ್ರಿ ಫ್ಯಾನ್ ಆಫ್ ಮಾಡುವ ಅಭ್ಯಾಸವೂ ಬಹಳ ಕಡೆ ಇದೆ. ಯಾರೂ ಇಲ್ಲ, ಕರೆಂಟ್ ಯಾಕೆ ದಂಡ ಅಂತ. ಆದರೆ ನೀರಿಗೆ ರಾತ್ರಿ ಅಂತ ಗೊತ್ತಿಲ್ಲ. ಅದು ಆವಿಯಾಗುತ್ತಲೇ ಇರುತ್ತದೆ, ಸ್ಲ್ಯಾಬ್ ತಣ್ಣಗಾಗುತ್ತಲೇ ಇರುತ್ತದೆ. ಹಾನಿಯೆಲ್ಲ ಆಗೋದು ಆ ಹೊತ್ತಿನಲ್ಲೇ. ಹೊದಿಕೆ ಹಾಸದಿದ್ದರೆ, ಮಳೆಗಾಲ ಬಿಟ್ಟು ಉಳಿದ ದಿನ ರಾತ್ರಿ ಫ್ಯಾನ್ ಓಡಲೇಬೇಕು.

ಮನೆಯಲ್ಲಿ ಉಳಿದ ಸ್ಪ್ಲಿಟ್ ಎ.ಸಿ. ತಂದು ಕೊಳದ ಕೋಣೆಗೆ ಹಾಕುವವರೂ ಇದ್ದಾರೆ. ಗಾಳಿಯನ್ನು 24ಕ್ಕೆ ಇಳಿಸಿ ನೀರನ್ನು 28ರಲ್ಲಿ ಇಟ್ಟರೆ, ತೇವಾಂಶ ಶೇ 60ರಲ್ಲೇ ಹಿಡಿದಿಟ್ಟರೂ ನೀರು ಒಂದೂವರೆ ಪಟ್ಟು ಜೋರಾಗಿ ಆವಿಯಾಗುತ್ತದೆ. ಈಜಿ ಮೇಲೆ ಬಂದವರಿಗೆ ಚಳಿ ಬೇರೆ. ಕೊಳದ ಕೋಣೆಯಲ್ಲಿ ಗಾಳಿ ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರಬೇಕು. ಅದರ ಮೇಲೆ, ಕ್ಲೋರಿನ್ ಗಾಳಿ ಆ ಎ.ಸಿ.ಯ ಕಾಯಿಲ್ ತಿಂದುಹಾಕುತ್ತದೆ.

ಕ್ಲೋರಿನ್ ಅಂದಾಗ ಒಂದು ಮಾತು. ಕೋಣೆಗೆ ಕಾಲಿಟ್ಟೊಡನೆ ಘಾಟು ಹೊಡೆದರೆ 'ಔಷಧ ಚೆನ್ನಾಗಿ ಹಾಕಿದ್ದಾರೆ' ಅನ್ನುತ್ತೇವೆ. ಉಲ್ಟಾ. ಆ ಘಾಟು ಬರಿಯ ಕ್ಲೋರಿನ್ನಿನದಲ್ಲ. ಕ್ಲೋರಿನ್ ನಮ್ಮ ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮೈನ್‌ಗಳದ್ದು. ಕಣ್ಣು ಉರಿಸೋದೂ ಅದೇ, ಕಬ್ಬಿಣ ತಿನ್ನೋದೂ ಅದೇ. ಗಾಳಿಗಿಂತ ಭಾರ ಇರೋದರಿಂದ ನೀರಿನ ಮೇಲೆಯೇ, ಈಜುವವರ ಮೂಗಿನ ಮಟ್ಟದಲ್ಲೇ ಹರಡಿಕೊಂಡಿರುತ್ತದೆ. ಹಾಗಾಗಿ ಗಾಳಿ ಎಳೆಯುವ ಒಂದು ಬಾಯಿ ಕೆಳಗಡೆಯೂ ಇರಲಿ. ಸ್ನಾನ ಮಾಡಿಯೇ ನೀರಿಗಿಳಿಯಿರಿ ಅಂತ ಬೋರ್ಡ್ ಹಾಕೋದು ಬರೀ ಶಿಸ್ತಿಗಲ್ಲ, ನಿಮ್ಮ ಸ್ಲ್ಯಾಬ್ ಉಳಿಸೋಕೂ ಹೌದು.

ಇದು ಎಷ್ಟು ಗಂಭೀರ ಅಂತ ತಿಳಿಯಲು ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬ ಊರಿನ ಕಥೆ ಕೇಳಿ. 1985ರ ಮೇ 9ರಂದು ಅಲ್ಲಿನ ಒಳಾಂಗಣ ಈಜುಕೊಳದ ಮೇಲೆ ತೂಗುಹಾಕಿದ್ದ ಕಾಂಕ್ರೀಟ್ ಚಾವಣಿ ಕುಸಿದು 12 ಜನ ಸತ್ತರು. ಆ ಚಾವಣಿಯನ್ನು ಹಿಡಿದಿದ್ದು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು. ತುಕ್ಕು ಹಿಡಿಯೋದಿಲ್ಲ ಅಂತ ನಾವೆಲ್ಲ ನಂಬುವ ಸ್ಟೀಲ್. ಕೊಳದ ಗಾಳಿಯ ಕ್ಲೋರೈಡ್ ಆ ಸರಳುಗಳ ಮೇಲೆ ಕೂತು, ತೇವ ಒಣಗಿದಂತೆಲ್ಲ ಗಟ್ಟಿಯಾಗುತ್ತಾ, ಎಳೆತದಲ್ಲಿದ್ದ ಸ್ಟೀಲಿನೊಳಗೆ ಕೂದಲಿನಂಥ ಬಿರುಕು ಬಿಡಿಸಿತ್ತು. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು, ಸಿಪ್ಪೆ ಎದ್ದು ಮೊದಲೇ ಎಚ್ಚರಿಕೆ ಕೊಡುತ್ತದೆ. ಸ್ಟೇನ್‌ಲೆಸ್ ಹೊರಗೆ ಹೊಳೆಯುತ್ತಲೇ ಇದ್ದು ಒಳಗೆ ಸೀಳಬಹುದು. ಕೊಳದ ಏಣಿ, ಕೈಹಿಡಿಗೆ 316 ಗ್ರೇಡಿನ ಸ್ಟೇನ್‌ಲೆಸ್ ಪರವಾಗಿಲ್ಲ, ಅವನ್ನು ದಿನಾ ತೊಳೆಯುತ್ತೇವೆ. ಆದರೆ ಮೇಲೆ, ಯಾರ ಕೈಯೂ ತಲುಪದ ಕಡೆ, ತೂಕ ಹೊರುವ ಜಾಗಕ್ಕೆ 304 ಆಗಲಿ 316 ಆಗಲಿ ಬೇಡ. ಅಂಗಡಿಯವರು ಎಷ್ಟೇ ಗ್ಯಾರಂಟಿ ಕೊಟ್ಟರೂ ಬೇಡ.

ಹೊಸದಾಗಿ ಕಟ್ಟುವವರಿಗೆ ಸ್ಲ್ಯಾಬ್ ಬಗ್ಗೆ ಎರಡು ಮಾತು. ಕಾಂಕ್ರೀಟ್ ಕೆಲಸಕ್ಕೆ ಇರುವ ನಮ್ಮ ದೇಶದ ಐಎಸ್ 456 ಸಂಹಿತೆ, ಆವಿ ಜೋರಾಗಿ ನೀರಾಗಿ ಕೂರುವ ಜಾಗವನ್ನು ಕಠಿಣ ಪರಿಸರದ ಪಟ್ಟಿಗೆ ಸೇರಿಸಿದೆ. ಅಲ್ಲಿ ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ ಬೇಕು, ಕಾಂಕ್ರೀಟಿನ ಬಲ ಕನಿಷ್ಠ ಎಂ30 ದರ್ಜೆಯದ್ದಿರಬೇಕು. ನಮ್ಮಲ್ಲಿ ಮನೆಯ ಸ್ಲ್ಯಾಬಿಗೆ ಹಾಕೋದು 20 ಮಿ.ಮೀ. ಕವರ್ ಬ್ಲಾಕ್. ಕೊಳದ ಕೋಣೆಗೂ ಅದನ್ನೇ ಹಾಕಿದರೆ ಸರಳಿಗೆ ತೇವ ಮುಟ್ಟಲು ಎಷ್ಟು ಹೊತ್ತು? ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿ ತನ್ನ ಮೇಲಿನ ಕಾಂಕ್ರೀಟನ್ನೇ ಒಡೆದು ಕೆಡವುತ್ತದೆ.

ಸ್ಲ್ಯಾಬ್ ತಣ್ಣಗಾಗದಂತೆ ಶಾಖ ತಡೆಯುವ ಪದರ ಹಾಕಬೇಕು. ಮಾಳಿಗೆಯ ಮೇಲೆ ಹಾಕಿದರೆ ಉತ್ತಮ, ಸ್ಲ್ಯಾಬೇ ಬೆಚ್ಚಗಿರುತ್ತದೆ. ಬೇಸಿಗೆಯಲ್ಲೂ ಅನುಕೂಲ. ಒಳಗಿನಿಂದ ಥರ್ಮೋಕೋಲ್ ಹಾಕುವುದಾದರೆ ಅದರ ಕೆಳಗೆ, ಅಂದರೆ ಕೊಳದ ಕಡೆಗೆ, ಆವಿ ತಡೆಯುವ ಹಾಳೆ ಇರಲೇಬೇಕು. ಪ್ರತಿ ಸಂದಿಗೂ ಟೇಪ್ ಬೀಳಬೇಕು. ಹಾಳೆ ಮರೆತರೆ ಆವಿ ಥರ್ಮೋಕೋಲ್ ಸಂದಿಯಿಂದ ದಾಟಿ ತಣ್ಣನೆಯ ಸ್ಲ್ಯಾಬ್ ಮುಟ್ಟುತ್ತದೆ. ಅಲ್ಲಿ ನೀರಾಗುತ್ತದೆ, ನಿಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಲೈಟಿನ ತೂತು, ಫ್ಯಾನ್ ಕೊಕ್ಕೆ, ಪೈಪ್ ಹೋದ ಜಾಗ, ಆವಿ ಹುಡುಕೋದು ಇವನ್ನೇ.

ಹಳಬರಿಗೆ ಈ ಹನಿಯ ಕಾಟ ಗೊತ್ತಿತ್ತು. ಬೀದರ್ ಕೋಟೆಯಲ್ಲಿ ಶಾಹಿ ಹಮಾಮ್, ಅಂದರೆ ಅರಸರ ಸ್ನಾನದ ಮನೆ ಇದೆ, ನೋಡಿರುತ್ತೀರಿ. ಬಿಸಿನೀರಿನ ಹಮಾಮುಗಳ ಮೇಲೆ ಗುಮ್ಮಟ, ಕಮಾನು ಕಟ್ಟುವ ಪದ್ಧತಿ ಬಹಳ ಕಡೆ ಇತ್ತು. ಬಾಗಿದ ಚಾವಣಿಯಲ್ಲಿ ಹುಟ್ಟಿದ ಹನಿ ತಲೆ ಮೇಲೆ ಬೀಳದೆ ಮೈಗುಂಟ ಜಾರಿ ಗೋಡೆಗೆ ಇಳಿಯುತ್ತದೆ. ನಾವು ಚಪ್ಪಟೆ ಸ್ಲ್ಯಾಬ್ ಹಾಕಿ ಆ ಅನುಕೂಲ ಕಳೆದುಕೊಂಡೆವು.

ಕೊಳದ ಸುತ್ತ ಶಹಾಬಾದ್ ಫರ್ಸಿ ಹಾಸೋದು ನಮ್ಮ ಕಡೆ ಸಹಜ. ಕಲ್ಲು ಚೆನ್ನಾಗಿದೆ, ಕೈಗೆಟುಕುವ ಬೆಲೆ. ಆದರೆ ಅದು ಸುಣ್ಣಕಲ್ಲು. ನೀರಿನ ಹುಳಿಮಟ್ಟ ಸರಿಮಾಡಲು ಆಸಿಡ್ ಹಾಕುವಾಗ ಒಂದು ಹನಿ ಬಿದ್ದರೂ ನೊರೆ ಬಂದು ಕಲ್ಲಿನಲ್ಲಿ ಕುಳಿ ಬೀಳುತ್ತದೆ. ಸವಳು ನೀರಿನ ಬೋರ್ ಇದ್ದರೆ ಕಲ್ಲಿನ ಸಂದಿಗಳಲ್ಲಿ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಮೂಡುತ್ತದೆ. ಅದನ್ನು ಒಣ ಬ್ರಷ್‌ನಿಂದ ಕೆರೆದು ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಗೋಡೆಯೊಳಗೇ ಹೋಗುತ್ತದೆ. ಆಸಿಡ್ ಕ್ಯಾನು, ಕ್ಲೋರಿನ್ ಡಬ್ಬ ಎರಡನ್ನೂ ಒಂದೇ ಮೂಲೆಯಲ್ಲಿ ಇಡಬೇಡಿ. ಎರಡೂ ಬೆರೆತರೆ ವಿಷಗಾಳಿ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸುತ್ತೇನೆ.

"ಸರ್, ಬ್ಯಾಸಗ್ಯಾಗ ಪೂಲ್ ರೂಮಿಗೆ ಕೂಲರ್ ಹಚ್ಚಿದ್ರ ನಡೀತದೇನ್ರಿ?" ಅಂತ ಒಬ್ಬ ಗುತ್ತಿಗೆದಾರರು ಕೇಳಿದರು. ನಡೆಯೋದಿಲ್ಲ. ಕೂಲರ್ ನೀರಿನ ಆವಿಯನ್ನೇ ಊದುವ ಯಂತ್ರ. ಕೊಳ ಮಾಡುತ್ತಿರುವ ಕೆಲಸಕ್ಕೆ ಇನ್ನೊಂದು ಕೈ ಸೇರಿಸಿದಂತೆ. ಸೆಕೆ ಅನ್ನಿಸಿದರೆ ಹೊರಗಿನ ಒಣಗಾಳಿ ಜೋರಾಗಿ ಹಾಯಲಿ, ಅಷ್ಟು ಸಾಕು.

ಬೀದರಿನಿಂದ ಬಂದಿದ್ದ ಒಬ್ಬ ಅಕ್ಕನವರು, ತಮ್ಮ ಜಿಮ್ಮಿನ ಕೊಳದ ಮೇಲೆ ಪಿ.ಒ.ಪಿ. ಫಾಲ್ಸ್ ಸೀಲಿಂಗ್ ಆಗಲೇ ಮಾಡಿಸಿಬಿಟ್ಟಿದ್ದೇವೆ, "ಈಗ ಏನ್ ಮಾಡ್ಬೇಕ್ರಿ?" ಅಂದರು. ಮೊದಲು ಎರಡು ಮೂರು ಕಡೆ ಮುಚ್ಚಳ ಇಡಿಸಿ, ಬ್ಯಾಟರಿ ಹಿಡಿದು ಒಳಗೆ ನೋಡಿ ಅಂದೆ. ಸೀಲಿಂಗಿಗೂ ಸ್ಲ್ಯಾಬಿಗೂ ನಡುವಿನ ಸಂದಿಯಲ್ಲಿ ಗಾಳಿ ಆಡುವುದಿಲ್ಲ, ಯಾರೂ ಇಣುಕುವುದಿಲ್ಲ. ಒಳಗೆ ಒದ್ದೆ ಕಂಡರೆ ಸೀಲಿಂಗ್ ತೆಗೆಸಿಬಿಡೋದೇ ಸರಿ. ಅಂದಕ್ಕೆ ಸ್ಲ್ಯಾಬಿಗೇ ಬಣ್ಣ ಹೊಡೆಸಬಹುದು. ಒಣಗಿದ್ದು, ಅದನ್ನು ಹಿಡಿದಿರುವ ಸರಳು ಗಟ್ಟಿಯಿವೆ ಅಂತ ಎಂಜಿನಿಯರ್ ನೋಡಿ ಹೇಳಿದರೆ ಸದ್ಯ ಇರಲಿ, ಆದರೆ ಪ್ರತಿ ಚಳಿಗಾಲ ಇಣುಕಿ ನೋಡಲೇಬೇಕು.

ಹಳೆಯ ಕೊಳ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಎಲ್ಲಿಂದ ಶುರು ಮಾಡಲಿ ಅನ್ನೋದು ಕೊನೆಯ ಪ್ರಶ್ನೆ. ಈ ತಿಂಗಳು ಹೊದಿಕೆ ಮತ್ತು ಮೀಟರ್ ತನ್ನಿ. ಮುಂದಿನ ತಿಂಗಳು, ತೇವಾಂಶ ಶೇ 60 ದಾಟಿದರೆ ತಾನೇ ಚಾಲೂ ಆಗುವ ಸ್ವಿಚ್ಚನ್ನು ಎಕ್ಸಾಸ್ಟ್ ಫ್ಯಾನಿಗೆ ಜೋಡಿಸಿ. ಮಳೆಗಾಲದಲ್ಲಿ ಆ ಸ್ವಿಚ್ ಬಂದ್ ಇರಲಿ. ಮನೆಯೊಳಗಿನ ಬಾಗಿಲಿನ ಸಂದಿಗಳಿಗೆ ರಬ್ಬರ್ ಪಟ್ಟಿ ಅಂಟಿಸಿ. ಇಷ್ಟು ಮಾಡಿ ಒಂದು ಚಳಿಗಾಲ ಅಂಕಿ ಬರೆದುಕೊಳ್ಳಿ, ಆಮೇಲೆ ಮಾಳಿಗೆ ಮೇಲಿನ ಶಾಖ ತಡೆಯುವ ಪದರಕ್ಕೆ ದುಡ್ಡು ಕೂಡಿಸಿ. ಆದರೆ ಕೊಳದ ಮೇಲೆ ಏನಾದರೂ ಸರಳಿನಿಂದ ತೂಗಾಡುತ್ತಿದ್ದರೆ, ಸೀಲಿಂಗ್ ಆಗಲಿ, ಡಕ್ಟ್ ಆಗಲಿ, ಸ್ಪೀಕರ್ ಆಗಲಿ, ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಈ ವಾರವೇ ತೋರಿಸಿ. ಅವರು ನೋಡುವವರೆಗೆ ಅದರ ಕೆಳಗೆ ಮಕ್ಕಳನ್ನು ಬಿಡಬೇಡಿ.